ಮನೆಯವರಿಗೆ ದಿನಾ ಓಡಿಸೋಕೆ ಸ್ಪೋರ್ಟ್ಸ್ ಕಾರ್: ಹೂಂ ಅನ್ನಲಾ, ಬೇಡ ಅನ್ನಲಾ?

ಮಳೆಹನಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರಿಗೆ ಮೊದಲಿಂದಲೂ ಸ್ಪೋರ್ಟ್ಸ್ ಕಾರಿನ ಹುಚ್ಚು. ಆಫೀಸಿಗೆ ಓಡಿಸುವ ಹ್ಯಾಚ್‌ಬ್ಯಾಕ್ ಹಳೆಯದಾಗಿದೆ. ಅದನ್ನು ಮಾರಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರ್ ತರೋಣ ಅನ್ನುತ್ತಿದ್ದಾರೆ. ಎರಡು ನೋಡಿ ಇಟ್ಟಿದ್ದಾರೆ. ಒಂದು 2001ರ ಹೋಂಡಾ ಎಸ್2000, ಎರಡೇ ಸೀಟು, ಬಟ್ಟೆ ಚಾವಣಿ ತೆರೆಯುವಂಥದ್ದು. ಇನ್ನೊಂದು 2014ರ ಟೊಯೊಟಾ ಜಿಟಿ86, ಹಿಂದೆಯೂ ಸೀಟಿದೆ. ಮನಸ್ಸೆಲ್ಲ ಹೋಂಡಾ ಮೇಲಿದೆ.

ಹೋಗಿ ಬರೋದು ಸೇರಿ ದಿನಕ್ಕೆ 80 ಕಿ.ಮೀ. ಅರ್ಧ ಹೆದ್ದಾರಿ, ಅರ್ಧ ಟ್ರಾಫಿಕ್. ಬೆಳಗ್ಗೆ ಕತ್ತಲಿರುವಾಗಲೇ ಹೊರಡುತ್ತಾರೆ. ಮಳೆ ಬಂತು ಅಂತ ಮನೆಯಲ್ಲಿ ಕೂರುವ ಕೆಲಸ ಅಲ್ಲ.

ಅವರು ಅಡ್ಡಾದಿಡ್ಡಿ ಓಡಿಸುವವರಲ್ಲ. ನನಗೆ ಭಯ ಇರುವುದು ಆ ಕಾರಿನ ಬಗ್ಗೆ. ಅಷ್ಟು ತಗ್ಗಾಗಿದೆ, ಲಾರಿಯವರಿಗೆ ಕಾಣುತ್ತದಾ? ಮಳೆಯಲ್ಲಿ ಜಾರುತ್ತದೆ ಅಂತಾರೆ, ನಿಜವಾ? ಮಗಳಿಗೆ ಮೂರು ವರ್ಷ. ಮನೆಯಲ್ಲಿ ಇನ್ನೊಂದು ಕಾರ್ ಇದೆ, ಆದರೂ ಕೆಲವು ದಿನ ಅವಳನ್ನು ಶಾಲೆಗೆ ಇವರೇ ಬಿಡುತ್ತಾರೆ. ಬೇಡ ಅನ್ನೋಕೂ ಮನಸ್ಸಿಲ್ಲ, ಸುಮ್ನೆ ಹೂಂ ಅನ್ನೋಕೂ ಧೈರ್ಯ ಇಲ್ಲ. ಇಂಥ ಕಾರನ್ನು ದಿನಾ ಓಡಿಸುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ನಿಧಾನಸ್ಥ:
ಬೇಡ. ಮಗು ಇರುವ ಮನೆಗೆ ಎರಡು ಸೀಟಿನ ಕಾರ್ ಯಾಕೆ? ದೊಡ್ಡ ಗಾಡಿ ತಗೊಳ್ಳಿ, ನೆಮ್ಮದಿಯಾಗಿರಿ.

ಹಿಂಚಕ್ರ:
ನಿಧಾನಸ್ಥ ಅವರೇ, ಮನೆಯಲ್ಲಿ ಇನ್ನೊಂದು ಕಾರ್ ಇದೆ ಅಂತ ಅವರೇ ಬರೆದಿದ್ದಾರಲ್ಲ.

ಮೇಡಂ, ಭಯ ಪಡಬೇಡಿ. ಅಪಘಾತ ತಪ್ಪಿಸಿಕೊಳ್ಳುವುದರಲ್ಲಿ ಸ್ಪೋರ್ಟ್ಸ್ ಕಾರಿಗಿಂತ ಸೇಫ್ ಯಾವುದೂ ಇಲ್ಲ. ಬ್ರೇಕ್ ಚೆನ್ನಾಗಿರುತ್ತದೆ, ಸ್ಟೀರಿಂಗ್ ತಿರುಗಿಸಿದ ಕೂಡಲೇ ತಿರುಗುತ್ತದೆ, ತೂಕ ಎಲ್ಲ ನೆಲದ ಹತ್ತಿರ ಇರುವುದರಿಂದ ಪಲ್ಟಿ ಹೊಡೆಯುವುದು ತೀರಾ ಕಡಿಮೆ. ಒಂದು ಲೆಕ್ಕ ನೋಡಿ. 100 ಕಿ.ಮೀ. ವೇಗದಿಂದ ಒಂದು ಕಾರ್ 35 ಮೀಟರ್‌ನಲ್ಲಿ ನಿಲ್ಲುತ್ತದೆ, ಇನ್ನೊಂದಕ್ಕೆ 42 ಮೀಟರ್ ಬೇಕು ಅಂದುಕೊಳ್ಳಿ. ಏಳು ಮೀಟರ್ ತಾನೇ ಅನ್ನಿಸುತ್ತದೆ. ಆದರೆ ಮೊದಲನೆಯದು ನಿಂತ ಜಾಗಕ್ಕೆ ಬಂದಾಗ ಎರಡನೆಯದು ಇನ್ನೂ 40 ಕಿ.ಮೀ. ವೇಗದಲ್ಲಿರುತ್ತದೆ. ಎದುರಿಗೆ ಮನುಷ್ಯ ನಿಂತಿದ್ದರೆ?

ಎಸ್2000 ಅಂತೂ ಹೋಂಡಾ ಮಾಡಿದ ಅತ್ಯುತ್ತಮ ಕಾರುಗಳಲ್ಲಿ ಒಂದು. ಆ ಮೊದಲ ಇಂಜಿನ್ ನಿಮಿಷಕ್ಕೆ 9,000 ಸುತ್ತಿನ ತನಕ ಹೋಗುತ್ತದೆ. ಕಣ್ಣು ಮುಚ್ಚಿಕೊಂಡು ತಗೊಳ್ಳಿ.

ದೂರದಾರಿ:
ಬ್ರೇಕ್ ಲೆಕ್ಕ ಒಪ್ಪಿದೆ. ಆದರೆ ಎದುರಿಂದ ಬರುವವನ ಬ್ರೇಕ್ ನಮ್ಮ ಕೈಯಲ್ಲಿ ಇರಲ್ಲ, ಅಲ್ವಾ?

ಈ ಕಾರುಗಳ ತೂಕ 1,250 ಕಿಲೋ ಆಸುಪಾಸು. ಎದುರಿಗೆ 2,500 ಕಿಲೋದ ದೊಡ್ಡ ಗಾಡಿ ಬಂತು, ಎರಡೂ 50 ಕಿ.ಮೀ. ವೇಗದಲ್ಲಿ ಮುಖಾಮುಖಿ ಗುದ್ದಿದವು ಅಂದುಕೊಳ್ಳಿ. ದೊಡ್ಡ ಗಾಡಿಯ ವೇಗ ಆ ಕ್ಷಣದಲ್ಲಿ ಬದಲಾಗುವುದು ಸುಮಾರು 33 ಕಿ.ಮೀ. ಅಷ್ಟೇ. ಚಿಕ್ಕ ಕಾರಿನದು 67. ಒಳಗಿರುವವರ ಮೈಗೆ ಬೀಳುವ ಪೆಟ್ಟು ಆ ಬದಲಾವಣೆಯಿಂದಲೇ ಬರುವುದು. ಇದನ್ನು ಯಾವ ಸ್ಟೀರಿಂಗೂ ಬದಲಾಯಿಸಲ್ಲ.

ಹಿಂಚಕ್ರ:
ಅದು ಸ್ಪೋರ್ಟ್ಸ್ ಕಾರಿನ ತಪ್ಪಲ್ಲ, ಹಗುರ ಕಾರಿನದು. ಮೇಡಂ ಮನೆಯವರು ಈಗ ಓಡಿಸುತ್ತಿರುವ ಹ್ಯಾಚ್‌ಬ್ಯಾಕ್ ಇದಕ್ಕಿಂತ ಹಗುರ ಇರಬಹುದು. ಅದಕ್ಕೆ ಯಾರೂ ಭಯ ಪಡಲಿಲ್ಲ.

ದೂರದಾರಿ:
ಅದೂ ಸರಿ. ಆ ಮಾತು ಒಪ್ಪುತ್ತೇನೆ.

ಟೈರ್ ಮೇಷ್ಟ್ರು:
ಎಲ್ಲರೂ ಸ್ಪೋರ್ಟ್ಸ್ ಕಾರ್ ಒಳ್ಳೆಯದಾ ಕೆಟ್ಟದ್ದಾ ಅಂತ ವಾದ ಮಾಡುತ್ತಿದ್ದೀರಿ. ಮಳೆಹನಿಯವರು ಕೇಳಿದ್ದು ಎರಡು ಕಾರುಗಳ ಬಗ್ಗೆ. ಆ ಎರಡರ ನಡುವೆ ಅಜಗಜಾಂತರ ಇದೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

2001ರ ಎಸ್2000ದಲ್ಲಿ ಇಎಸ್‌ಸಿ ಇಲ್ಲ. ಅಂದರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್. ಹೋಂಡಾದವರು ಅದನ್ನು ವಿಎಸ್‌ಎ ಅಂತಾರೆ, ಆ ಮಾದರಿಗೆ ಅದು ಬಂದಿದ್ದು 2006ರ ಹೊತ್ತಿಗೆ. ಕಾರ್ ಎತ್ತ ತಿರುಗುತ್ತಿದೆ, ಸ್ಟೀರಿಂಗ್ ಎತ್ತ ತಿರುಗಿದೆ ಅಂತ ಅದು ಸದಾ ಹೋಲಿಸುತ್ತಿರುತ್ತದೆ. ಎರಡೂ ಹೊಂದದಿದ್ದರೆ ಒಂದೇ ಒಂದು ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುತ್ತದೆ. ಹಿಂಭಾಗ ಹೊರಗೆ ಜಾರಿತು ಅನ್ನಿ, ತಿರುವಿನ ಹೊರಬದಿಯ ಮುಂದಿನ ಚಕ್ರವನ್ನು ಹಿಡಿಯುತ್ತದೆ. 1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ಸೇರಿ ಇದನ್ನು ಮಾರುಕಟ್ಟೆಗೆ ತಂದರು. ಅಮೆರಿಕದಲ್ಲಿ 2012ರ ಮಾದರಿಗಳಿಂದ ಕಡ್ಡಾಯ, ಯುರೋಪಿನಲ್ಲಿ 2014ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಬೇರೆ ಗಾಡಿಯ ಸಂಬಂಧವೇ ಇಲ್ಲದೆ ಒಂಟಿಯಾಗಿ ರಸ್ತೆ ಬಿಟ್ಟು ಹೋಗುವ ಮಾರಣಾಂತಿಕ ಅಪಘಾತಗಳ ಅಪಾಯವನ್ನು ಇದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸುತ್ತದೆ ಅಂತ ಅಮೆರಿಕದ ಐಐಎಚ್‌ಎಸ್ ಲೆಕ್ಕ ಹಾಕಿದೆ. ವಿಮಾ ಕಂಪನಿಗಳ ದುಡ್ಡಿನಲ್ಲಿ ನಡೆಯುವ ಸುರಕ್ಷತಾ ಸಂಸ್ಥೆ ಅದು.

ಜಿಟಿ86ದಲ್ಲಿ ಇದು ಇದೆ. ಆ ಕಾರಿಗೂ ಅದರ ಅವಳಿ ಸುಬಾರು ಬಿಆರ್‌ಝಡ್‌ಗೂ 2012ರಲ್ಲಿ ಕಾರುಗಳನ್ನು ಗುದ್ದಿಸಿ ಪರೀಕ್ಷೆ ಮಾಡುವ ಆಸ್ಟ್ರೇಲಿಯಾದ ಎನ್‌ಕ್ಯಾಪ್ 5 ಸ್ಟಾರ್ ಕೊಟ್ಟಿದೆ. ಅಂದಿನ ಪರೀಕ್ಷೆ ಇಂದಿನಷ್ಟು ಕಟ್ಟುನಿಟ್ಟು ಅಲ್ಲ, ನಿಜ. ಆದರೂ 2001ರ ಕಾರಿಗೆ ಹೋಲಿಸಿದರೆ ಒಂದು ತಲೆಮಾರು ಮುಂದೆ.

ಇನ್ನೊಂದು ವಿಷಯ. ಮೊದಲ ಎಸ್2000ಗಳ ಹಿಂಭಾಗ ಮಿತಿ ದಾಟಿದರೆ ಥಟ್ಟನೆ ಜಾರುತ್ತದೆ ಅನ್ನುವುದು ಆ ಕಾರನ್ನು ಬಲ್ಲವರಿಗೆಲ್ಲ ಗೊತ್ತು. 2004ರಲ್ಲಿ ಹೋಂಡಾದವರೇ ಹಿಂದಿನ ಸಸ್ಪೆನ್ಷನ್ ಬದಲಿಸಿ ಅದನ್ನು ತಣ್ಣಗೆ ಮಾಡಿದರು. ಒದ್ದೆ ತಿರುವಿನಲ್ಲಿ ಗಾಬರಿಯಾಗಿ ಆಕ್ಸಿಲರೇಟರಿಂದ ಕಾಲು ತೆಗೆದರೆ ತೂಕ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರಗಳು ಹಗುರ ಆಗುತ್ತವೆ. ಕಾಲು ತೆಗೆಯುವುದು ಎಲ್ಲರೂ ಮಾಡುವ ಕೆಲಸ. ಅದಕ್ಕೇ ಹೇಳುತ್ತಿದ್ದೇನೆ.

ಗೇರ್‌ಬಾಕ್ಸ್:
ಮೇಷ್ಟ್ರೇ, ಕೈ ಪಳಗಿದವರಿಗೆ ಇಎಸ್‌ಸಿ ಯಾಕೆ? ನಾವೆಲ್ಲ ಅದಿಲ್ಲದ ಕಾರಿನಲ್ಲೇ ಕಲಿತವರು. ಕಾರ್ ಏನು ಹೇಳುತ್ತಿದೆ ಅಂತ ಸೀಟಿನಲ್ಲೇ ಗೊತ್ತಾಗುತ್ತದೆ. ಈಗಿನವರಿಗೆ ಎಲ್ಲದಕ್ಕೂ ಕಂಪ್ಯೂಟರ್ ಬೇಕು.

ಟೈರ್ ಮೇಷ್ಟ್ರು:
ಗೇರ್‌ಬಾಕ್ಸ್ ಅವರೇ, ನಿಮ್ಮ ಕೈ ಎಷ್ಟೇ ಪಳಗಿರಲಿ, ನಿಮ್ಮ ಕಾಲ ಕೆಳಗೆ ಇರುವುದು ಒಂದೇ ಬ್ರೇಕ್ ಪೆಡಲ್. ನಾಲ್ಕು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕೋಕೆ ನಿಮಗೂ ಆಗಲ್ಲ, ನನಗೂ ಆಗಲ್ಲ, ರೇಸ್ ಗೆದ್ದವನಿಗೂ ಆಗಲ್ಲ. ಇನ್ನು ಕೈಚಳಕ ಕೆಲಸ ಮಾಡುವುದು ಗಮನ ಪೂರ್ತಿ ರಸ್ತೆ ಮೇಲಿದ್ದಾಗ. ಆಫೀಸಿಂದ ಸುಸ್ತಾಗಿ ಬರುವ ಸಂಜೆ ಏಳು ಗಂಟೆಗೆ ಯಾರ ಗಮನವೂ ಹಾಗಿರಲ್ಲ.

ಗೇರ್‌ಬಾಕ್ಸ್:
ಅದು ಆಫ್ ಮಾಡುವ ಗುಂಡಿಯನ್ನೂ ಕಂಪನಿಯವರೇ ಕೊಟ್ಟಿರುತ್ತಾರೆ ತಾನೇ? ಹಾಗಾದರೆ ಯಾಕೆ ಕೊಟ್ಟರು?

ಟೈರ್ ಮೇಷ್ಟ್ರು:
ರೇಸ್ ಟ್ರ್ಯಾಕಿಗೆ. ಕೆಸರಲ್ಲಿ, ಹಿಮದಲ್ಲಿ ಚಕ್ರ ಹೂತಾಗ ಹೊರಬರೋಕೆ. ಮತ್ತೆ ಕಾರ್ ಆಫ್ ಮಾಡಿ ಆನ್ ಮಾಡಿದರೆ ಅದು ತಾನಾಗಿ ಚಾಲೂ ಆಗುತ್ತದೆ. ಹಾಗಿರಬೇಕು ಅಂತ ನಿಯಮವೇ ಇದೆ. ದಿನದ ಓಡಾಟಕ್ಕೆ ಆ ಗುಂಡಿ ಮುಟ್ಟುವ ಕಾರಣವೇ ಇಲ್ಲ.

ಅಕ್ಕರೆ:
ಮಳೆಹನಿ ಅಕ್ಕ, ನಾನು ಜಿಟಿ86 ಓಡಿಸುತ್ತೇನೆ. ದಿನಾ. ಮಳೆಯಲ್ಲೂ. ಮಗ ಹಿಂದಿನ ಸೀಟಲ್ಲಿ ಕೂರುತ್ತಾನೆ.

ಕಾರ್ ನೆಮ್ಮದಿಯ ಕಾರ್. ಕಂಪನಿಯಿಂದ ಬಂದ ಮೂಲ ಟೈರ್ ಟೊಯೊಟಾದ ಹೈಬ್ರಿಡ್ ಕಾರ್ ಪ್ರಿಯಸ್‌ಗೆ ಹಾಕುತ್ತಿದ್ದ ಜಾತಿಯದು, ಮಿಶೆಲಿನ್ ಪ್ರೈಮಸಿ. ಕಡಿಮೆ ವೇಗದಲ್ಲೇ ಕಾರ್ ಮಿತಿ ತೋರಿಸಲಿ ಅಂತ ಬೇಕೆಂದೇ ಹಾಗೆ ಮಾಡಿದ್ದು. ನಾನು ಮಳೆಗೆ ಚೆನ್ನಾಗಿ ಹಿಡಿಯುವ ಟೈರ್ ಹಾಕಿಸಿದ ಮೇಲೆ ಬೇರೆ ಕಾರೇ ಆಯಿತು.

ಮಗುವಿನ ವಿಷಯ ಮಾತ್ರ ಬಿಡಿಸಿ ಹೇಳುತ್ತೇನೆ, ಯಾಕಂದರೆ ಗಂಡಸರು ಯಾರೂ ಇದನ್ನು ಬರೆಯಲಿಲ್ಲ. ಹಿಂದೆ ಮಗುವಿನ ಸೀಟನ್ನು ಕಾರಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇದೆ. ಆದರೆ ಹಿಂದೆ ಬಾಗಿಲಿಲ್ಲ. ಮುಂದಿನ ಸೀಟನ್ನು ಬಗ್ಗಿಸಿ, ಒಂದು ಮೊಣಕಾಲು ಒಳಗಿಟ್ಟು, ತಲೆ ತಗ್ಗಿಸಿ ಬಕಲ್ ಹಾಕಬೇಕು. ಮಳೆ ಬಂದರೆ ಮಗ ಒಣಗಿರುತ್ತಾನೆ, ನನ್ನ ಬೆನ್ನು ಪೂರ್ತಿ ನೆನೆಯುತ್ತದೆ. ಬಾಗಿಲು ಉದ್ದ, ಪಕ್ಕದ ಕಾರ್ ಹತ್ತಿರ ನಿಲ್ಲಿಸಿದ್ದರೆ ಪೂರ್ತಿ ತೆರೆಯೋಕೆ ಆಗಲ್ಲ. ಮಗುವಿನ ಮುಂದಿನ ಸೀಟನ್ನು ಮುಂದೆ ತಳ್ಳಬೇಕು, ಆಮೇಲೆ ಅಲ್ಲಿ ಎತ್ತರದವರು ಕೂರೋಕೆ ಆಗಲ್ಲ.

ಅಪಾಯ ಎಲ್ಲಿ ಅಂದರೆ, ಅವಸರದಲ್ಲಿ ಬೆಲ್ಟ್ ಸರಿಯಾಗಿ ಬಿಗಿಯಲು ಬೇಸರ ಬರುತ್ತದೆ. ನಿಮ್ಮ ಮನೆಯವರು ಆ ಬೇಸರ ಪಡುವವರಾ ಅಂತ ನಿಮಗೇ ಗೊತ್ತಿರುತ್ತದೆ.

ಮಳೆಹನಿ:
ಅಕ್ಕರೆ, ತುಂಬಾ ಥ್ಯಾಂಕ್ಸ್ ಕಣಮ್ಮಾ. ಇದೇ ಬೇಕಿತ್ತು ನನಗೆ. ಎಸ್2000ದಲ್ಲಿ ಮಗುವನ್ನು ಮುಂದಿನ ಸೀಟಲ್ಲಿ ಕೂರಿಸಬಹುದು ಅಂತಾರೆ ಇವರು. ಆಗುತ್ತದಾ?

ಅಕ್ಕರೆ:
ಹಿಂದಕ್ಕೆ ಮುಖ ಮಾಡುವ ಬೇಬಿ ಸೀಟ್ ಆದರೆ ಏರ್‌ಬ್ಯಾಗ್ ಚಾಲೂ ಇರುವ ಸೀಟಲ್ಲಿ ಇಡಲೇಬಾರದು. ಏರ್‌ಬ್ಯಾಗ್ ಉಬ್ಬಿ ಮಗುವಿನ ತಲೆಯ ಹಿಂದೆಯೇ ಹೊಡೆಯುತ್ತದೆ. ಮುಂದಕ್ಕೆ ಮುಖ ಮಾಡಿದ ಸೀಟ್ ಆದರೂ ಮಕ್ಕಳಿಗೆ ಹಿಂದೆ ಕೂರುವುದೇ ಸೇಫ್. ಆ ಕಾರಲ್ಲಿ ಹಿಂದೆ ಅನ್ನುವುದೇ ಇಲ್ಲ. ಅದಾದರೆ ಮಗಳನ್ನು ಬಿಡುವ ದಿನ ಕಾರ್ ಅದಲುಬದಲು ಮಾಡಿಕೊಳ್ಳಿ.

ಕೆಂಪುದೀಪ:
ಎಸ್2000 ನೋಡುವವರು ಮೊದಲು ಚಾಸಿ ನಂಬರ್ ಹಾಕಿ ರೀಕಾಲ್ ನೋಡಿ, ಅಂದರೆ ದೋಷ ಸರಿಪಡಿಸೋಕೆ ಕಂಪನಿ ವಾಪಸ್ ಕರೆದ ಕಾರಾ ಅಂತ. ಟಕಾಟಾ ಕಂಪನಿಯ ಏರ್‌ಬ್ಯಾಗ್ ರೀಕಾಲ್ ಪಟ್ಟಿಯಲ್ಲಿ ಆ ಮಾದರಿ ಇದೆ. ಬಿಸಿ ಮತ್ತು ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಅದನ್ನು ಉಬ್ಬಿಸುವ ಇನ್‌ಫ್ಲೇಟರ್ ಸಿಡಿದು ಲೋಹದ ಚೂರು ಎಸೆಯುವ ಸಾಧ್ಯತೆ ಇತ್ತು. ಜನ ಸತ್ತಿದ್ದಾರೆ. ಬದಲಾಯಿಸಿದ ದಾಖಲೆ ಇಲ್ಲದಿದ್ದರೆ ಕಾರನ್ನು ಮುಟ್ಟಬೇಡಿ.

ಹಿಂಚಕ್ರ:
ಅದು ನಿಜ, ಕಡ್ಡಾಯವಾಗಿ ನೋಡಿ. ಪುಕ್ಕಟೆ ಬದಲಾಯಿಸಿಕೊಡುತ್ತಾರೆ.

ಪೇಟೆಬೀದಿ:
ಕಾಣುತ್ತದಾ ಅಂತ ಕೇಳಿದ್ದಿರಿ. ನನ್ನ ಅನುಭವದಲ್ಲಿ ಕಷ್ಟ ಇರುವುದು ಪಕ್ಕದಲ್ಲಿ. ಲಾರಿಯ ಎಡಬಲ ನಿಂತರೆ ಅವರ ಕನ್ನಡಿಯಲ್ಲಿ ನಾವಿರಲ್ಲ. ಸಿಗ್ನಲ್‌ನಲ್ಲಿ ಲಾರಿಯ ಬಾಗಿಲ ಪಕ್ಕ ನಿಲ್ಲಲೇಬಾರದು. ಒಂದೋ ಮುಂದೆ ಹೋಗಿ, ಇಲ್ಲವೇ ಹಿಂದೆ ಉಳಿಯಿರಿ. ಹೆದ್ದಾರಿಯಲ್ಲಿ ಎತ್ತರದ ಗಾಡಿಯ ಹೆಡ್‌ಲೈಟ್ ನೇರ ನಮ್ಮ ಕನ್ನಡಿಗೆ ಬಡಿಯುತ್ತದೆ. ಮುಂದೆ ಏನಾಗುತ್ತಿದೆ ಅಂತ ನೋಡೋಕೆ ಮುಂದಿನ ಗಾಡಿಯ ಗಾಜಿನ ಮೂಲಕ ಇಣುಕಲು ಆಗಲ್ಲ, ಹಾಗಾಗಿ ಅಂತರ ಜಾಸ್ತಿ ಬಿಡಬೇಕು.

2001ರ ಎಸ್2000ದಲ್ಲಿ ಇನ್ನೊಂದು ತೊಂದರೆ ಇದೆ. ಅದರ ಬಟ್ಟೆ ಚಾವಣಿಯ ಹಿಂದಿನ ಕಿಟಕಿ ಪ್ಲಾಸ್ಟಿಕ್. ಗಾಜು ಬಂದಿದ್ದು 2002ರಿಂದ. ಪ್ಲಾಸ್ಟಿಕ್ ವರ್ಷ ಕಳೆದಂತೆ ಹಳದಿಯಾಗಿ ಮಸುಕಾಗುತ್ತದೆ, ಮಂಜು ಒರೆಸುವ ಹೀಟರ್ ತಂತಿಯೂ ಅದಕ್ಕಿಲ್ಲ. ಕತ್ತಲಲ್ಲಿ, ಮಳೆಯಲ್ಲಿ, ಹಿಂದೆ ಲಾರಿ ಲೈಟ್ ಹಾಕಿಕೊಂಡು ಬರುತ್ತಿದ್ದರೆ ಬೆಳಕಿನ ಒಂದು ಮುದ್ದೆ ಬಿಟ್ಟು ಬೇರೇನೂ ಕಾಣಲ್ಲ. ನಿಮ್ಮವರು ಹೊರಡುವುದೇ ಆ ಹೊತ್ತಿಗೆ.

ಹಸಿರುಸಿಗ್ನಲ್:
ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ಬೂದು ಬಣ್ಣದ ತಗ್ಗು ಕಾರ್ ಮಳೆಯಲ್ಲಿ ರಸ್ತೆಗೆ ಬೆರೆತು ಹೋಗುತ್ತದೆ. ಹಳದಿ ಇಲ್ಲವೇ ಬಿಳಿ ನೋಡಿ.

ಗೇರ್‌ಬಾಕ್ಸ್:
ಹಗಲಲ್ಲೂ ಹೆಡ್‌ಲೈಟ್ ಹಾಕಿದರೆ ಮುಗಿಯಿತು. ಬಣ್ಣಕ್ಕಾಗಿ ಒಳ್ಳೆಯ ಕಾರ್ ಬಿಡಬೇಡಿ.

ದೂರದಾರಿ:
ಚಾವಣಿ ತೆರೆಯುವ ಕಾರೇ ಅಪಾಯ ಅಂತ ಯಾರಾದರೂ ಹೇಳುವ ಮೊದಲು ಬರೆದುಬಿಡುತ್ತೇನೆ. 2020ರಲ್ಲಿ ಐಐಎಚ್‌ಎಸ್ ಈಚಿನ ಕನ್ವರ್ಟಿಬಲ್‌ಗಳನ್ನು ಅದೇ ಮಾದರಿಯ ಗಟ್ಟಿ ಚಾವಣಿ ಕಾರುಗಳ ಜೊತೆ ಇಟ್ಟು ನೋಡಿತ್ತು. ಅಪಾಯ ಹೆಚ್ಚು ಅಂತ ಕಂಡುಬರಲಿಲ್ಲ. ಆದರೆ ಅದು ಈಚಿನ ಕಾರುಗಳ ಮಾತು. 2001ರದಕ್ಕೆ ಅನ್ವಯಿಸಬೇಡಿ.

ಅದೇ ಸಂಸ್ಥೆ 2020ರ ಮಾದರಿಗಳಲ್ಲಿ ಎಷ್ಟು ಚಾಲಕರು ಸತ್ತರು ಅಂತ ಲೆಕ್ಕ ತೆಗೆದಾಗ ಕೆಟ್ಟ ತುದಿಯಲ್ಲಿ ಇದ್ದದ್ದು ತೀರಾ ಪುಟ್ಟ ಕಾರುಗಳು ಮತ್ತು ಕ್ಯಾಮಾರೋ, ಚಾಲೆಂಜರ್, ಮಸ್ಟಾಂಗ್ ಥರದ, ಭಾರಿ ಇಂಜಿನ್ ಇರುವ ಅಮೆರಿಕನ್ ಮಸಲ್ ಕಾರುಗಳು. ಮಸಲ್ ಕಾರುಗಳು ಹಗುರ ಅಲ್ಲ, ಇಎಸ್‌ಸಿ ಇಲ್ಲದವೂ ಅಲ್ಲ. ಹಾಗಾದರೆ ಉಳಿದಿದ್ದು ಏನು? ಓಡಿಸುವ ರೀತಿ. ಆ ಇಂಜಿನ್ ಕಾಲ ಕೆಳಗಿದ್ದರೆ ಕಾಲು ಸುಮ್ನೆ ಇರಲ್ಲ.

ಹಿಂಚಕ್ರ:
ಮಸಲ್ ಕಾರನ್ನೂ 200 ಕುದುರೆಶಕ್ತಿಯ ಜಿಟಿ86 ಅನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅಲ್ಲಿ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ ಇರುವ ಮಾದರಿಗಳಿವೆ.

ನಿಧಾನಸ್ಥ:
ಎಲ್ಲ ಓದಿದೆ. ಆದರೂ ನನ್ನ ಮಾತು ಅದೇ. ಮನೆಯವರು ಬರುವುದು ಹತ್ತು ನಿಮಿಷ ತಡ ಆದರೆ ಇವರ ಜೀವ ಬಾಯಿಗೆ ಬರುತ್ತದೆ. ಅದನ್ನು ಯಾವ ಸ್ಟಾರ್ ಸರಿ ಮಾಡುತ್ತದೆ?

ಅಕ್ಕರೆ:
ನಿಧಾನಸ್ಥ ಅಣ್ಣ, ಆ ಭಯ ನನ್ನ ಯಜಮಾನರಿಗೂ ಇತ್ತು. ಒಂದು ದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಫೀಸಿನ ತನಕ ಹೋಗಿ ಬಂದೆ. ಆಮೇಲೆ ಅವರೇ ಓಡಿಸಿದರು. ಕಾಣದ ಕಾರಿನ ಬಗ್ಗೆ ಭಯ ಜಾಸ್ತಿ. ಮಳೆಹನಿ ಅಕ್ಕ, ನೀವೂ ಓಡಿಸಿ ನೋಡಿ. ಮನೆಯ ಕಾರ್ ಆಗುವುದಾದರೆ ಒಂದಲ್ಲ ಒಂದು ದಿನ ನೀವೂ ಓಡಿಸಬೇಕಾಗುತ್ತದೆ.

ನೀವು ನನ್ನ ಹಾಗೆ ಕುಳ್ಳಗಿದ್ದರೆ ಒಂದು ವಿಷಯ. ಕ್ಲಚ್ ಪೂರ್ತಿ ಒತ್ತೋಕೆ ಸೀಟನ್ನು ಮುಂದೆ ಎಳೆದರೂ ಎದೆಗೂ ಸ್ಟೀರಿಂಗಿಗೂ 25 ಸೆಂ.ಮೀ. ಅಂತರ ಉಳಿಯಬೇಕು, ಏರ್‌ಬ್ಯಾಗ್ ಉಬ್ಬೋಕೆ ಅಷ್ಟು ಜಾಗ ಬೇಕು. ಉಳಿಯದಿದ್ದರೆ ಆ ಕಾರ್ ನಿಮಗೆ ಹೊಂದಲ್ಲ.

ಬೈಕ್‌ಸವಾರ:
ನಾನು ದಿನಾ ಬೈಕಲ್ಲಿ ಹೋಗುತ್ತೇನೆ. ನಾಲ್ಕು ಚಕ್ರ, ಬೆಲ್ಟ್, ಏರ್‌ಬ್ಯಾಗ್ ಇರುವ ಗಾಡಿಗೆ ಇಷ್ಟು ಚರ್ಚೆಯಾ?

ಕೆಂಪುದೀಪ:
ಬೈಕಿಗೂ ಇಷ್ಟೇ ಚರ್ಚೆ ಆಗಬೇಕು. ಬೇರೆ ಥ್ರೆಡ್ ಹಾಕಿ, ಬರುತ್ತೇನೆ.

ಟೈರ್ ಮೇಷ್ಟ್ರು:
ಒಂದು ಮುಖ್ಯ ವಿಷಯ ಉಳಿದುಬಿಟ್ಟಿದೆ. ಕಡಿಮೆ ಓಡಿದ ಕಾರ್ ಅಂತ ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಸ್ಪೋರ್ಟ್ಸ್ ಕಾರಲ್ಲಿ ಅದೇ ಅಪಾಯ. ಭಾನುವಾರ ಮಾತ್ರ ಹೊರಗೆ ಬಂದ ಕಾರಿನ ಟೈರ್ ಸವೆದಿರಲ್ಲ. ಉಗುರು ಹಾಕಿ ನೋಡಿದರೆ ಗೀರು ಆಳವಾಗೇ ಇರುತ್ತದೆ. ಆದರೆ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಒಣ ರಸ್ತೆಯಲ್ಲಿ ಗೊತ್ತೇ ಆಗಲ್ಲ, ಮೊದಲ ಮಳೆಗೆ ಗೊತ್ತಾಗುತ್ತದೆ.

ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕೆ ನೋಡಿ. 2317 ಅಂತ ಇದ್ದರೆ 2017ರ 23ನೇ ವಾರ ತಯಾರಾದದ್ದು. ಕೆಲವೊಮ್ಮೆ ಆ ಅಂಕೆ ಒಳಬದಿಗೆ ಇರುತ್ತದೆ, ಮೊಬೈಲ್ ಒಳಗೆ ಹಿಡಿದು ಫೋಟೋ ತೆಗೆಯಬೇಕು. ನಾಲ್ಕೂ ಟೈರ್ ನೋಡಿ. ಎಷ್ಟೋ ಕಾರಲ್ಲಿ ಮುಂದೊಂದು ವಯಸ್ಸು, ಹಿಂದೊಂದು ವಯಸ್ಸು.

ಕಾನೂನಿನ ಪ್ರಕಾರ ಗೀರು 1.6 ಮಿ.ಮೀ. ಇದ್ದರೆ ಸಾಕು ಅನ್ನುವುದು ಬಹಳ ದೇಶಗಳ ಲೆಕ್ಕ. ಅಗಲ ಟೈರು, ಹಗುರ ಕಾರು, ನಿಂತ ನೀರು ಸೇರಿದರೆ 1.6 ಏನೇನೂ ಸಾಲದು. ನೀರಿನ ಮೇಲೆ ತೇಲುತ್ತದೆ. 3 ಮಿ.ಮೀ.ಗೆ ಬಂದಾಗಲೇ ಬದಲಾಯಿಸಿ. ಟ್ರ್ಯಾಕಿಗೆ ಅಂತ ಮಾಡಿದ, ಗೀರು ಕಡಿಮೆ ಇರುವ ಸೆಮಿ ಸ್ಲಿಕ್ ಟೈರ್ ಹಾಕಿದ್ದರೆ ದಿನದ ಓಡಾಟಕ್ಕೆ ಮೊದಲು ಅದನ್ನು ತೆಗೆಸಿ. ಬೇಸಿಗೆ ಟೈರ್ ಸುಮಾರು 7 ಡಿಗ್ರಿಗಿಂತ ಚಳಿ ಇದ್ದರೆ ಹಿಡಿತ ಕಳೆದುಕೊಳ್ಳುತ್ತಾ ಹೋಗುತ್ತದೆ.

ಬ್ರೇಕ್ ಆಯಿಲ್ ಕೂಡ ಕೇಳಿ. ಅದು ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ನಿಂತೇ ಇದ್ದ ಕಾರಲ್ಲಿ ಅದನ್ನು ಯಾರೂ ಮುಟ್ಟಿರಲ್ಲ.

ಗೇರ್‌ಬಾಕ್ಸ್:
ಟೈರ್ ವಿಷಯದಲ್ಲಿ ಮೇಷ್ಟ್ರ ಮಾತಿಗೆ ಎರಡು ಮಾತಿಲ್ಲ.

ಮಳೆಹನಿ:
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಇಬ್ಬರೂ ಕೂತು ಪೂರ್ತಿ ಓದಿದೆವು. ಇವರಿಗೆ ಗೇರ್‌ಬಾಕ್ಸ್ ಅವರ ಮಾತು ಹಿಡಿಸಿತು, ನನಗೆ ಮೇಷ್ಟ್ರದ್ದು. ಸ್ವಲ್ಪ ಹೊತ್ತು ವಾದವೂ ಆಯಿತು.

ಇವತ್ತು ಎಸ್2000 ನೋಡೋಕೆ ನಾನೂ ಹೋಗಿದ್ದೆ. ಹಿಂದಿನ ಟೈರಲ್ಲಿ 1115 ಅಂತ ಇತ್ತು. ಅಂದರೆ 2015, ಅಲ್ವಾ? ಗೀರು ಹೊಸದರ ಹಾಗೇ ಇದೆ, ಉಗುರು ಒತ್ತಿದರೆ ಒಂದಿಷ್ಟೂ ಒಳಗೆ ಹೋಗಲ್ಲ. ಹಿಂದಿನ ಕಿಟಕಿ ಹಳದಿಯಾಗಿದೆ, ಮಧ್ಯೆ ಮಡಚಿದ ಗೆರೆ ಇದೆ. ಏರ್‌ಬ್ಯಾಗ್ ಬದಲಾಯಿಸಿದ ಕಾಗದ ಕೇಳಿದರೆ ಮಾರುವವರು ಹುಡುಕುತ್ತೇನೆ ಅಂದರು. ಇವರು ಸುಮ್ಮನೆ ಕಾರಿನ ಸುತ್ತ ಒಂದು ಸುತ್ತು ಹಾಕಿ, ಜಿಟಿ86 ಯಾವಾಗ ನೋಡೋಣ ಅಂತ ನನ್ನನ್ನೇ ಕೇಳಿದರು.

ಶನಿವಾರ ಹೋಗುತ್ತಿದ್ದೇವೆ. ಏನೇನು ತಗೊಂಡು ಹೋಗಲಿ?

ಹಿಂಚಕ್ರ:
ಆ ಎಸ್2000 ಬಿಟ್ಟಿದ್ದು ಸರಿ ಮೇಡಂ. ಆ ಸ್ಥಿತಿಯಲ್ಲಿರುವುದನ್ನು ನಾನೂ ತಗೊಳ್ಳಲ್ಲ. ಅವರಿಗೆ ಹೋಂಡಾನೇ ಬೇಕು ಅಂತ ಆಸೆ ಉಳಿದರೆ 2006ರ ನಂತರದ್ದು ನಿಧಾನವಾಗಿ ಹುಡುಕಿ.

ಅಕ್ಕರೆ:
ಮಗಳ ಸೀಟ್ ತಗೊಂಡು ಹೋಗಿ. ಮಗಳನ್ನೂ. ಕೂರಿಸಿ, ಬಕಲ್ ಹಾಕಿ, ಇಳಿಸಿ ನೋಡಿ. ಅದನ್ನು ನಿಮ್ಮವರೇ ಮಾಡಲಿ, ನೀವು ಕೈ ಹಾಕಬೇಡಿ.

ಟೈರ್ ಮೇಷ್ಟ್ರು:
1115 ಅಂದರೆ 2015ರ 11ನೇ ವಾರ, ಸರಿಯಾಗಿ ಓದಿದ್ದೀರಿ. ಜಿಟಿ86 ನೋಡುವಾಗ ಇಂಜಿನ್ ಚಾಲೂ ಮಾಡಿದ ಕೂಡಲೇ ಇಎಸ್‌ಸಿ ದೀಪ, ಏರ್‌ಬ್ಯಾಗ್ ದೀಪ ಉರಿದು ಆರಬೇಕು. ಉರಿಯದೇ ಇದ್ದರೂ ಅನುಮಾನ, ಆರದೇ ಇದ್ದರೂ ಅನುಮಾನ. ಡಿಕ್ಕಿಯ ತಳ ಎತ್ತಿ ನೋಡಿ. ಸ್ಟೆಪ್ನಿ ಇದೆಯಾ, ಪಂಕ್ಚರ್ ದ್ರಾವಣದ ಕಿಟ್ ಮಾತ್ರ ಇದೆಯಾ? ಕಿಟ್ ಆದರೆ ಅದರ ಅವಧಿ ಮುಗಿದ ದಿನಾಂಕ ನೋಡಿ, ಟೈರ್ ಪಕ್ಕ ಹರಿದರೆ ಅದು ಕೆಲಸಕ್ಕೆ ಬರಲ್ಲ ಅಂತ ನೆನಪಿರಲಿ. ಮಳೆ ಬಂದಿದ್ದರೆ ಇನ್ನೂ ಒಳ್ಳೆಯದು, ಅದರಲ್ಲೇ ಓಡಿಸಿ ನೋಡಿ.

ಮಳೆಹನಿ:
ಸರಿ ಮೇಷ್ಟ್ರೇ. ಶನಿವಾರ ಸಂಜೆ ಟೈರ್ ನಂಬರ್ ಫೋಟೋ ಹಾಕುತ್ತೇನೆ.